ಬಿಸಿನೀರಿನ ಊರಿಂದ ಅಪ್ಪಯ್ಯನಿಗೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್

ಪ್ರೀತಿಯ ಅಪ್ಪಯ್ಯ ಮತ್ತು ಆಯಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಚಳಿಗಾಲ. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಆಯಿ ಕಳಿಸಿದ ಕಷಾಯದ ಪುಡಿ ಇನ್ನೂ ಸ್ವಲ್ಪ ಇದೆ, ಚಿಂತೆ ಮಾಡಬೇಡಿ ಅನ್ನಿ ಅವಳಿಗೆ.

ನಮ್ಮೂರ ಅಬ್ಬಿ (ಜಲಪಾತ) ನೋಡಲು ಬರುವವರಿಂದ ದುಡ್ಡು ತೆಗೆದುಕೊಳ್ಳಬೇಕೇ, ಅದರ ದಾರಿಯನ್ನು ಗುತ್ತಿಗೆಗೆ ಬಿಡಬೇಕೇ ಎಂಬ ವಿಷಯ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ನಿಮ್ಮಲ್ಲಿ ಮಳೆ ಶುರುವಾದರೆ ನೆಟ್‌ವರ್ಕೂ ಇರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ.

ಕಳೆದ ವಾರ ರಜೆ ಸಿಕ್ಕಿತ್ತು, ಗೆಳತಿಯರ ಜೊತೆ ರೊಟೊರುವಾಕ್ಕೆ ಹೋಗಿದ್ದೆ. ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಊರು ಹತ್ತಿರ ಬಂತು ಎಂದು ಬೋರ್ಡು ನೋಡಿ ತಿಳಿಯಬೇಕಿಲ್ಲ, ಗಂಧಕದ ವಾಸನೆಯೇ ಹೇಳುತ್ತದೆ. ಮಕ್ಕಳು ಆಡುವ ಪಾರ್ಕಿನಲ್ಲೇ ಬೇಲಿ ಹಾಕಿದ ಹೊಂಡಗಳಿವೆ. ಅವುಗಳೊಳಗೆ ಕೆಸರು ಕೊತಕೊತ ಕುದಿಯುತ್ತದೆ. ಪೊಹುಟು ಎಂಬ ಗೀಸರ್ ನೋಡಿದೆವು. ಗೀಸರ್ ಎಂದರೆ ನಮ್ಮ ಬಚ್ಚಲಿನದ್ದಲ್ಲ, ನೆಲದಿಂದ ಆಗಾಗ ಚಿಮ್ಮುವ ಬಿಸಿನೀರಿನ ಬುಗ್ಗೆ. ಬಿಸಿನೀರು ಮರದೆತ್ತರಕ್ಕೆ ಚಿಮ್ಮುತ್ತದೆ. ಮಳೆಯ ನೀರು ನೆಲದೊಳಗೆ ಇಳಿದು, ಕೆಳಗಿನ ಬಿಸಿ ಬಂಡೆ ತಾಗಿ ಕಾಯುತ್ತದೆ. ಮೇಲಿನ ನೀರಿನ ಭಾರಕ್ಕೆ ಕೆಳಗಿನದು ನೂರು ಡಿಗ್ರಿ ದಾಟಿದರೂ ಕುದಿಯಲಾಗದೆ ಇರುತ್ತದೆ. ಎಲ್ಲೋ ಒಂದಿಷ್ಟು ಭಾರ ಕಡಿಮೆಯಾದರೆ ಸಾಕು, ಒಮ್ಮೆಲೇ ಹಬೆಯಾಗಿ ಎಲ್ಲವನ್ನೂ ಮೇಲೆ ದೂಡುತ್ತದೆ.

ಆದರೆ ನಾನು ಬರೆಯಲು ಹೊರಟದ್ದು ಈಗ ಇಲ್ಲದ ಒಂದು ಜಾಗದ ಬಗ್ಗೆ.

ರೊಟೊರುವಾದಿಂದ ಸ್ವಲ್ಪ ಆಚೆ ರೊಟೊಮಹಾನಾ ಎಂಬ ಕೆರೆ ಇದೆ. 140 ವರ್ಷದ ಹಿಂದೆ ಅದರ ದಂಡೆಯಲ್ಲಿ ಎರಡು ದೊಡ್ಡ ಸೋಪಾನಗಳಿದ್ದವು. ಒಂದು ಬಿಳಿ, ಒಂದು ಗುಲಾಬಿ ಬಣ್ಣದ್ದು. ಮನುಷ್ಯರು ಕಟ್ಟಿದ್ದಲ್ಲ. ಗುಡ್ಡದ ಮೇಲಿನ ಕುದಿಯುವ ಬುಗ್ಗೆಯಿಂದ ನೀರು ಕೆಳಗೆ ಹರಿಯುತ್ತಿತ್ತು, ಅದರಲ್ಲಿ ಕರಗಿದ್ದ ಸಿಲಿಕಾ ಎಂಬ ಖನಿಜ ಆರುತ್ತಾ ಆರುತ್ತಾ ಪದರ ಕಟ್ಟುತ್ತಿತ್ತು. ನಮ್ಮ ಬಚ್ಚಲ ಹಂಡೆಯ ಒಳಗೆ ಬಿಳಿ ಕಟ್ಟುತ್ತದಲ್ಲ, ಹಾಗೆಯೇ, ಆದರೆ ನೂರಾರು ವರ್ಷ ಕಟ್ಟಿದ್ದು. ಮೆಟ್ಟಿಲು ಮೆಟ್ಟಿಲಾಗಿ ತೊಟ್ಟಿಗಳು, ಪ್ರತಿ ತೊಟ್ಟಿಯಲ್ಲೂ ನೀಲಿ ನೀರು. ಬಿಳಿಯದು ದೊಡ್ಡದು, ನೋಡಲು ಅಂದ. ಗುಲಾಬಿಯದು ಸ್ನಾನಕ್ಕೆ ಒಳ್ಳೆಯದು. ಮೇಲಿನ ತೊಟ್ಟಿಯಲ್ಲಿ ನೀರು ಸುಡುತ್ತಿತ್ತು, ಕೆಳಗೆ ಇಳಿದಂತೆ ಹದವಾಗುತ್ತಿತ್ತು. ಯಾವುದು ಬೇಕೋ ಆ ತೊಟ್ಟಿಯಲ್ಲಿ ಕೂತರಾಯಿತು.

1859ರಲ್ಲಿ ಹೋಖ್‌ಸ್ಟೆಟರ್ ಎಂಬ ಭೂವಿಜ್ಞಾನಿ ಬಂದು ಕೆರೆಯ ನಕ್ಷೆ ಮಾಡಿದ. 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ ಬಂದ. ಆಮೇಲೆ ಕೇಳಬೇಕೇ? ರಾಜಕುಮಾರ ನೋಡಿದ್ದನ್ನು ತಾವೂ ನೋಡಬೇಕು ಎಂದು ಯುರೋಪಿನ ಹಣವಂತರೆಲ್ಲ ಹೊರಟರು. ಇದನ್ನು ಲೋಕದ ಎಂಟನೇ ಅದ್ಭುತ ಎನ್ನುತ್ತಿದ್ದರಂತೆ. ಜಗತ್ತಿನಲ್ಲಿ ಎಂಟನೇ ಅದ್ಭುತಗಳು ಅದೆಷ್ಟಿವೆಯೋ!

ಬರುವುದು ಸುಮ್ನೆ ಅಲ್ಲ. ಆಕ್ಲೆಂಡಿಗೆ ಹಡಗು. ಅಲ್ಲಿಂದ ಟೌರಂಗಾಕ್ಕೆ ಸಣ್ಣ ಹಡಗು. ಮತ್ತೆ ಕಾಡುದಾರಿಯಲ್ಲಿ ಕುದುರೆಯೋ ಗಾಡಿಯೋ. ಕೊನೆಗೆ ಟೆ ವೈರೋವಾ ಎಂಬ ಹಳ್ಳಿ. ಬೆಳಿಗ್ಗೆ ಅಲ್ಲಿಂದ ಮಾವೋರಿ ಜನ, ಅಂದರೆ ಇಲ್ಲಿನ ಮೂಲನಿವಾಸಿಗಳು, ಹುಟ್ಟು ಹಾಕುವ ದೋಣಿಯಲ್ಲಿ ತಾರಾವೆರಾ ಎಂಬ ದೊಡ್ಡ ಕೆರೆ ದಾಟಬೇಕು. ಆಮೇಲೆ ನಡಿಗೆ, ಆಮೇಲೆ ಪುಟ್ಟ ದೋಣಿ. ಮಧ್ಯಾಹ್ನದ ಊಟಕ್ಕೆ ಬಿಸಿನೀರ ಬುಗ್ಗೆಯಲ್ಲೇ ಬೇಯಿಸಿದ ಆಲೂಗಡ್ಡೆ ಮತ್ತು ಕೆರೆಯ ಸಿಗಡಿ. (ನಾನಾಗಿದ್ದರೆ ಬರೀ ಆಲೂಗಡ್ಡೆ.)

ಆ ಹಳ್ಳಿಯನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಓಡಾಡುವಾಗ ನಿಮ್ಮ ಮಾತು ನೆನಪಾಯಿತು. ನಮ್ಮ ಅಬ್ಬಿಗೆ ಶನಿವಾರ-ಭಾನುವಾರ ಕಾರುಗಳ ಸಾಲು, ತೋಟದ ದಾರಿಯೆಲ್ಲ ಚಿಪ್ಸ್ ಪೊಟ್ಟಣ, ಬೇಲಿ ಮುರಿದಿದ್ದಾರೆ ಎಂದಿರಲ್ಲ. ಗೇಟು ಇಟ್ಟು ದುಡ್ಡು ತೆಗೆದುಕೊಳ್ಳಿ ಎಂದು ಊರ ಹುಡುಗರು ಹೇಳಿದರೆ, 'ದೇವರು ಕೊಟ್ಟ ನೀರು ತೋರಿಸಿ ದುಡ್ಡು ಕೇಳುವುದೇ' ಎಂದು ನೀವು ಬೇಸರ ಮಾಡಿಕೊಂಡಿರಂತೆ.

ಟೆ ವೈರೋವಾದ ತೂಹೌರಂಗಿ ಎಂಬ ಮಾವೋರಿ ಬುಡಕಟ್ಟಿನ ಜನರಿಗೆ ಆ ಸಂಕೋಚ ಇರಲಿಲ್ಲ. ಕೆರೆ ಅವರದ್ದು, ಸೋಪಾನ ಅವರದ್ದು. ದೋಣಿಗೆ ಇಷ್ಟು, ಗೈಡಿಗೆ ಇಷ್ಟು ಎಂದು ದರ ಇಟ್ಟಿದ್ದರು. ಚಿತ್ರ ಬಿಡಿಸುವವರಿಗೆ, ಕ್ಯಾಮೆರಾ ತಂದವರಿಗೆ ಬೇರೆ ದರ. ರಾತ್ರಿ ಹಾಕಾ ಕುಣಿತ ನೋಡಲು ಮತ್ತೊಂದು. ಹಡಗಿನ ಟಿಕೆಟ್ಟಿಗೆ ಕೈತುಂಬ ಹಣ ಸುರಿದು ಬಂದವರು ಇಲ್ಲಿ ಮಾತ್ರ ಗೊಣಗುತ್ತಿದ್ದರು, ಈ ಜನ ಬಹಳ ದುರಾಸೆಯವರು ಎಂದು. ಹಾಗೆ ಗೊಣಗಿದವರೇ ಸೋಪಾನದ ತುಂಡು ಮುರಿದು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಗುಲಾಬಿ ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ಅದರ ಮೇಲೆ ಸಿಲಿಕಾ ಪದರ ಕೂತು ಹೆಸರು ಅಳಿಸಲೂ ಆಗುತ್ತಿರಲಿಲ್ಲ. ನಮ್ಮಲ್ಲಿ ಬಂಡೆಗೆ ಬಣ್ಣ ಬಳಿಯುವವರ ಅಜ್ಜಂದಿರು ಇವರು.

ಆ ಹಣದಿಂದ ಹಳ್ಳಿಯವರು ಹಿನೆಮಿಹಿ ಎಂಬ ಕೆತ್ತನೆಯ ಸಭಾಮನೆ ಕಟ್ಟಿದರು. ಮಾವೋರಿ ಕೆತ್ತನೆಗಳಿಗೆ ಕಣ್ಣಿನ ಜಾಗದಲ್ಲಿ ಹೊಳೆಯುವ ಚಿಪ್ಪು ಕೂರಿಸುವುದು ಪದ್ಧತಿ. ಇವರು ಬ್ರಿಟಿಷ್ ಚಿನ್ನದ ನಾಣ್ಯ ಕೂರಿಸಿದ್ದರು ಎನ್ನುತ್ತಾರೆ. ನನಗೆ ಓದಿ ನಗು ಬಂತು, ಖುಷಿಯೂ ಆಯಿತು.

ಗೈಡುಗಳಲ್ಲಿ ಹೆಸರುವಾಸಿ ಆದವಳು ಸೋಫಿಯಾ ಹಿನೆರಂಗಿ. ತಾಯಿ ಮಾವೋರಿ, ತಂದೆ ಸ್ಕಾಟ್ಲೆಂಡಿನವನು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಯಾರು ಎಲ್ಲಿ ಕಾಲಿಡಬೇಕು, ಯಾವ ತೊಟ್ಟಿಗೆ ಇಳಿಯಬಾರದು ಎಂದು ಹೇಳುವವಳು ಅವಳೇ. ದೊಡ್ಡ ದೊಡ್ಡ ಸಾಹೇಬರೂ ಅವಳ ಮಾತು ಕೇಳಲೇಬೇಕಿತ್ತು.

1886ರ ಮೇ 31ರಂದು ಸೋಫಿಯಾ ಪ್ರವಾಸಿಗಳ ಜೊತೆ ದೋಣಿಯಲ್ಲಿ ಹೋಗುವಾಗ, ತಾರಾವೆರಾ ಕೆರೆಯ ಮೇಲೆ ಯಾರದ್ದೂ ಅಲ್ಲದ ಹಳೇ ಕಾಲದ ದೋಣಿಯೊಂದು ಕಾಣಿಸಿತಂತೆ. ಬಿಳಿಯರೂ ನೋಡಿದರು, ಮಾವೋರಿಗಳೂ ನೋಡಿದರು. ಆಯಿಗೆ ಈ ಕತೆ ಹೇಳಿ, ಅವಳು ತಕ್ಷಣ ನಂಬುತ್ತಾಳೆ. ನನಗೆ ದೋಣಿಗಿಂತ ಇನ್ನೊಂದು ವಿಷಯ ಮುಖ್ಯ ಅನ್ನಿಸಿತು. ಅದೇ ದಿನ ಕೆರೆಯ ನೀರು ಏಕಾಏಕಿ ಇಳಿದು ಮತ್ತೆ ಏರಿದ್ದನ್ನು ಸೋಫಿಯಾ ಗಮನಿಸಿದ್ದಳು.

ಜೂನ್ 10ರ ನಡುರಾತ್ರಿ ಕಳೆದ ಮೇಲೆ ತಾರಾವೆರಾ ಬೆಟ್ಟ ಸೀಳಿತು. ಸುಮಾರು 17 ಕಿಲೋಮೀಟರ್ ಉದ್ದದ ಬಿರುಕು, ಕೆರೆಯ ತಳದವರೆಗೂ. ರೊಟೊಮಹಾನಾ ಕೆರೆಯೇ ಕೆಸರಾಗಿ ಆಕಾಶಕ್ಕೆ ಹಾರಿ ಹಳ್ಳಿಗಳ ಮೇಲೆ ಸುರಿಯಿತು. ಸುಮಾರು 120 ಜನ ಸತ್ತರು, ಹೆಚ್ಚಿನವರು ಮಾವೋರಿಗಳು. ಟೆ ವೈರೋವಾದ ಹೋಟೆಲ್ ಕುಸಿಯಿತು, ಅಲ್ಲಿ ತಂಗಿದ್ದ ಚಿಕ್ಕ ವಯಸ್ಸಿನ ಇಂಗ್ಲಿಷ್ ಪ್ರವಾಸಿ ಒಬ್ಬ ತೀರಿಕೊಂಡ. ಸೋಫಿಯಾಳ ಹುಲ್ಲಿನ ಮನೆ ನಿಂತಿತು! ಮಾಡು ಕಡಿದಾಗಿತ್ತು, ಕೆಸರು ಜಾರಿಹೋಯಿತು. ಒಳಗೆ ಸೇರಿದ್ದ 60ಕ್ಕೂ ಹೆಚ್ಚು ಜನ ಬದುಕಿದರು. ಹಿನೆಮಿಹಿಯಲ್ಲಿ ಆಸರೆ ಪಡೆದವರೂ ಉಳಿದರು.

ಬೆಳಕು ಹರಿದಾಗ ಸೋಪಾನಗಳಿರಲಿಲ್ಲ. ಈಗಿನ ರೊಟೊಮಹಾನಾ ಮೊದಲಿಗಿಂತ ಎಷ್ಟೋ ದೊಡ್ಡದು, ಆಳವೂ ಜಾಸ್ತಿ. 2011ರಲ್ಲಿ ವಿಜ್ಞಾನಿಗಳು ಕೆರೆಯ ತಳದಲ್ಲಿ ಅವುಗಳ ಅವಶೇಷದಂತೆ ಕಾಣುವುದನ್ನು ಕಂಡಿದ್ದಾರೆ. ಇಲ್ಲ, ದಂಡೆಯ ಮಣ್ಣಿನೊಳಗೆ ಹೂತಿವೆ ಎಂದು ಹೋಖ್‌ಸ್ಟೆಟರನ ಡೈರಿ ಹಿಡಿದು ವಾದಿಸುವವರೂ ಇದ್ದಾರೆ. ಜಗಳ ಮುಗಿದಿಲ್ಲ.

ಹಳ್ಳಿಯಲ್ಲಿ ತುಹೋಟೊ ಎಂಬ ತುಂಬ ವಯಸ್ಸಾದ ಪುರೋಹಿತ ಇದ್ದ. ಪ್ರವಾಸಿಗಳ ಹಣದ ಹಿಂದೆ ಬಿದ್ದು ಕೆಟ್ಟಿರಿ ಎಂದು ಊರವರನ್ನು ಬೈಯುತ್ತಿದ್ದನಂತೆ. ಅವನ ಶಾಪವೇ ತಟ್ಟಿತು ಎಂದು ಕೆಲವರು ನಂಬಿದರು. ನಾಲ್ಕು ದಿನದ ಮೇಲೆ ಅವನ ಗುಡಿಸಲು ಅಗೆದರೆ ಮುದುಕ ಜೀವಂತ ಇದ್ದ! ನೀವೂ ಅವನ ಪಕ್ಷವೇ ಹಿಡಿಯುತ್ತೀರೇನೋ. ಆದರೆ ಬೆಟ್ಟ ಸೀಳಿದ್ದು ಟಿಕೆಟ್ಟಿನಿಂದಲ್ಲ ಅಪ್ಪಯ್ಯ. ಸುತ್ತಲಿನ ಬೇರೆ ಹಳ್ಳಿಗಳೂ ಹೂತುಹೋದವು.

ಇನ್ನು ಆ ಪೇಟೆಯ ಮನುಷ್ಯನ ವಿಷಯ. ವರ್ಷಕ್ಕೆ ಇಷ್ಟು ಕೊಡುತ್ತೇನೆ, ಅಬ್ಬಿಯ ದಾರಿಯನ್ನು ಗುತ್ತಿಗೆಗೆ ಬಿಡಿ ಎಂದಿದ್ದಾನಲ್ಲ. ದುಡ್ಡನ್ನು ನೀವು ಕೈಯಲ್ಲಿ ಮುಟ್ಟಬೇಕಿಲ್ಲ ಎಂದು ನಿಮಗೆ ಅದೇ ವಾಸಿ ಅನ್ನಿಸಿರಬಹುದು. ರೊಟೊರುವಾ ಪೇಟೆ ಎದ್ದದ್ದೂ ಗುತ್ತಿಗೆಯಿಂದಲೇ. ಅದು ನಾಟಿ ಫಕಾವೆ ಎಂಬ ಇನ್ನೊಂದು ಬುಡಕಟ್ಟಿನ ನೆಲ. 1880ರಲ್ಲಿ ಸರ್ಕಾರದ ಜೊತೆ ಒಪ್ಪಂದ ಆಯಿತು. ನೆಲ ನಿಮ್ಮದೇ, 99 ವರ್ಷದ ಗುತ್ತಿಗೆ, ಬಾಡಿಗೆ ನಿಮಗೆ ಎಂದು. ಹರಾಜಿನಲ್ಲಿ ಪೈಪೋಟಿಯ ಮೇಲೆ ಕೂಗಿದವರಲ್ಲಿ ಬಹಳ ಜನ ಬಾಡಿಗೆಯನ್ನೇ ಕಟ್ಟಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಪೇಟೆಯ ನೆಲ ಸರ್ಕಾರದ ಕೈ ಸೇರಿತು. 1901ರಲ್ಲಿ ಸರ್ಕಾರ ಪ್ರವಾಸೋದ್ಯಮಕ್ಕೇ ಒಂದು ಇಲಾಖೆ ತೆರೆಯಿತು, ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಹಿನೆಮಿಹಿಯನ್ನೂ 1892ರಲ್ಲಿ ಗವರ್ನರ್ 50 ಪೌಂಡಿಗೆ ಕೊಂಡು ಇಂಗ್ಲೆಂಡಿನ ತನ್ನ ತೋಟಕ್ಕೆ ಸಾಗಿಸಿದ.

ಉಳಿದ ತೂಹೌರಂಗಿ ಜನರಿಗೆ ನೆಂಟರು ಫಕಾರೆವಾರೆವಾ ಎಂಬ ಬಿಸಿನೀರ ಹಳ್ಳಿಯಲ್ಲಿ ಜಾಗ ಕೊಟ್ಟರು. ಸೋಫಿಯಾ ಅಲ್ಲಿ ಮತ್ತೆ ಗೈಡ್ ಆದಳು, 1911ರಲ್ಲಿ ಸಾಯುವವರೆಗೆ ಅಲ್ಲೇ ಇದ್ದಳು. ಆ ಹಳ್ಳಿಯನ್ನು ಇವತ್ತಿಗೂ ಅದೇ ಜನ ನಡೆಸುತ್ತಾರೆ. ಗುತ್ತಿಗೆಯವನಿಗೆ ಬೇಡ ಅನ್ನಿ. ಗ್ರಾಮ ಅರಣ್ಯ ಸಮಿತಿಯಲ್ಲಿ ಮಾತಾಡಿ, ಕೇರಿಯವರೇ ಗೇಟಿನಲ್ಲಿ ಕೂರಲಿ, ಲೆಕ್ಕ ಎಲ್ಲರ ಎದುರು ಇರಲಿ. ನಾಚಿಕೆ ಪಡಬೇಕಾದವರು ಪೊಟ್ಟಣ ಎಸೆಯುವವರು.

ಇನ್ನೊಂದು ಮಾತು. ದುಡ್ಡು ತೆಗೆದುಕೊಂಡ ಮೇಲೆ ಜನರನ್ನು ಕಾಯುವ ಜವಾಬ್ದಾರಿಯೂ ನಮ್ಮದೇ. ಬೆಟ್ಟ ಸೀಳಿದ ಜಾಗದ ಹತ್ತಿರ 1900ರಲ್ಲಿ ವೈಮಂಗು ಎಂಬ ಹೊಸ ಗೀಸರ್ ಹುಟ್ಟಿತ್ತು. ಕಪ್ಪು ಕೆಸರು, ಕಲ್ಲು ಸೇರಿ ಕೆಲವೊಮ್ಮೆ 400 ಮೀಟರ್ ಎತ್ತರಕ್ಕೆ ಹೋಗುತ್ತಿತ್ತಂತೆ. 1903ರಲ್ಲಿ, ಬೇಡ ಎಂದರೂ ಹತ್ತಿರ ಹೋಗಿ ನಿಂತ ನಾಲ್ವರು ಕೊಚ್ಚಿಹೋದರು. ಅವರಲ್ಲಿ ಒಬ್ಬ ಜೋ ವಾರ್‌ಬ್ರಿಕ್, ಹೆಸರಾಂತ ರಗ್ಬಿ ಆಟಗಾರ. ಗೈಡ್ ಆಲ್ಫ್ ವಾರ್‌ಬ್ರಿಕ್‌ನ ಸ್ವಂತ ತಮ್ಮ. ಸೆಲ್ಫಿ ಎಂದು ಪಾಚಿ ಬಂಡೆ ಹತ್ತುವ ನಮ್ಮ ಹುಡುಗರಿಗೆ ಇದನ್ನು ಹೇಳಿ. ಮಳೆಗಾಲದಲ್ಲಿ ಗೇಟು ಪೂರ್ತಿ ಮುಚ್ಚುವುದೇ ಒಳ್ಳೆಯದು, ಆದಾಯ ಹೋದರೆ ಹೋಗಲಿ.

ಮೇಲಿನ ತೋಟದವರ ಬೋರಿನ ಬಗ್ಗೆಯೂ ಸಭೆಯಲ್ಲಿ ಎತ್ತಿ. ರೊಟೊರುವಾದಲ್ಲಿ ಮನೆ, ಹೋಟೆಲ್ ಬೆಚ್ಚಗಿಡಲು ಎಲ್ಲರೂ ಬಿಸಿನೀರಿಗೆ ಬೋರು ಕೊರೆದು ಗೀಸರ್‌ಗಳೇ ಸೊರಗಿದ್ದವು. 1986ರಲ್ಲಿ ಸರ್ಕಾರ ಪೊಹುಟುವಿನ ಸುತ್ತ ಒಂದೂವರೆ ಕಿಲೋಮೀಟರಿನ ಒಳಗಿನ ಬೋರುಗಳನ್ನು ಮುಚ್ಚಿಸಲು ಹೊರಟಿತು. ಜನ ಸಿಕ್ಕಾಪಟ್ಟೆ ಕೂಗಾಡಿದರು. ಆದರೆ ಗೀಸರ್‌ಗಳು ಚೇತರಿಸಿಕೊಂಡವು. ನಮ್ಮ ಅಬ್ಬಿ ಫೆಬ್ರವರಿಗೇ ಬತ್ತುವುದಕ್ಕೆ ಬೋರು ಕಾರಣವೋ ಅಲ್ಲವೋ, ಕೇಳಿ ನೋಡುವುದರಲ್ಲಿ ತಪ್ಪೇನಿದೆ?

ಸಭೆ ಯಾವತ್ತು ಎಂದು ತಮ್ಮನ ಹತ್ತಿರ ಮೆಸೇಜ್ ಮಾಡಿಸಿ. ಆಯಿಯ ಮಂಡಿನೋವು ಹೇಗಿದೆ, ಅದನ್ನೂ ಬರೆಸಿ. ಅವಳನ್ನು ಇಲ್ಲಿಗೆ ಕರೆಸಿಕೊಂಡು ಒಂದು ವಾರ ಬಿಸಿನೀರಲ್ಲಿ ಕೂರಿಸುವ ಆಸೆ ನನಗೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಿರಾ, ಇಲ್ಲವಾ?

ನಿಮ್ಮ ಮಗಳು,
ಸುಮಾ