ಟೇಬಲ್ ಕುಡಿಸುತ್ತೆ ಕಣೋ

ಚಿ. ಮಗನಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಅಣ್ಣ ಮೊನ್ನೆ ಫೋನ್ ಮಾಡಿದ್ದ. ಶನಿವಾರ ರಾತ್ರಿ ನೀನು ಗೆಳೆಯರ ಜೊತೆ ಕುಡಿದು ಮನೆಗೆ ಬಂದ ಅವತಾರ ಕೇಳಿದೆ. ಮಾರನೇ ದಿನ "ಎರಡೇ ಸಾಕು ಅಂತ ಹೋಗಿದ್ದೆ, ಹೇಗೆ ಜಾಸ್ತಿ ಆಯ್ತೋ ಗೊತ್ತಿಲ್ಲ" ಅಂದೆಯಂತೆ. ಅಣ್ಣ ನಂಬಲಿಲ್ಲ. ನಾನು ನಂಬಿದೆ. ಆ ಕುರ್ಚಿಯಲ್ಲಿ ನಾನೂ ಕೂತೆದ್ದವನೇ.

ನಿನ್ನ ವಯಸ್ಸಿನಲ್ಲಿ ನಾವು ಐದು ಜನ ಇದ್ದೆವು. ಒಂದೊಂದು ರೌಂಡ್ ಒಬ್ಬೊಬ್ಬರದು, ಆ ಸಲ ಎಲ್ಲರಿಗೂ ಅವನೇ ಕೊಡಿಸಬೇಕು. ಐದು ಜನ ಅಂದರೆ ಐದು ರೌಂಡ್ ಆಗಲೇಬೇಕು, ಅಲ್ವಾ? ಎರಡಕ್ಕೇ ಎದ್ದರೆ ಕಂಡವರ ದುಡ್ಡಲ್ಲಿ ಕುಡಿದು ಜಾಗ ಖಾಲಿ ಮಾಡಿದ ಅಂತ ಹೆಸರು. ಮೊದಲೇ ಎಲ್ಲರಿಗೂ ಕೊಡಿಸಿದ್ದರೆ, ನನ್ನ ದುಡ್ಡು ಇನ್ನೂ ವಸೂಲಾಗಿಲ್ಲವಲ್ಲ ಅಂತ ಒಳಗೊಳಗೇ ಸಂಕಟ. ಬಾಯಾರಿಕೆ ಯಾವಾಗಲೋ ತೀರಿರುತ್ತಿತ್ತು, ಸಾಲ ತೀರಿರುತ್ತಿರಲಿಲ್ಲ. ಅದಕ್ಕೇ ಕುಡಿಯುತ್ತಿದ್ದೆವು.

ಇದೇನು ನಮ್ಮೊಬ್ಬರ ಹುಚ್ಚಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಬ್ರಿಟನ್ ಸರ್ಕಾರ ಲಂಡನ್ ಪಬ್‌ಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಕೊಡಿಸುವುದನ್ನೇ ನಿಷೇಧಿಸಿತ್ತು. ನೀನು ಕುಡಿ, ಪಕ್ಕದವನಿಗೆ ಕುಡಿಸಬೇಡ ಅಂತ! ನಗು ಬರುತ್ತೆ. ಆದರೆ ರೋಗ ಎಲ್ಲಿದೆ ಅಂತ ಅವರಿಗೆ ಸರಿಯಾಗೇ ಗೊತ್ತಾಗಿತ್ತು.

1930ರ ದಶಕದ ಕೊನೆಗೆ ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಪಬ್‌ಗಳಲ್ಲಿ ಮಾಸ್ ಅಬ್ಸರ್ವೇಷನ್ ಅನ್ನೋ ತಂಡದವರು ಸುಮ್ನೆ ಮೂಲೆಯಲ್ಲಿ ಕೂತು ಕುಡಿಯುವವರನ್ನು ಗಮನಿಸಿದರು. ಒಂದೇ ಗುಂಪಿನವರ ಗ್ಲಾಸುಗಳಲ್ಲಿ ಬಿಯರ್ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಇಳಿಯುತ್ತಿತ್ತಂತೆ. ಒಬ್ಬ ಗುಟುಕು ಹಾಕಿದರೆ ಉಳಿದವರ ಕೈಯೂ ತಾನಾಗಿ ಮೇಲೇಳುತ್ತೆ. ಆಮೇಲೆ 1965ರಲ್ಲಿ ರಾಬರ್ಟ್ ಸೊಮ್ಮರ್ ಅನ್ನೋ ಮನಶ್ಶಾಸ್ತ್ರಜ್ಞ ಕೆನಡಾದ ಎಡ್ಮಂಟನ್‌ನಲ್ಲಿ ಒಂಟಿಯಾಗಿ ಕುಡಿಯುವವರನ್ನೂ ಗುಂಪಿನವರನ್ನೂ ಹೋಲಿಸಿ ನೋಡಿದ. ಗುಂಪಿನವರು ಜಾಸ್ತಿ ಕುಡಿದಿದ್ದರು. ಕಾರಣ ವೇಗ ಅಲ್ಲ, ಅವರು ಜಾಸ್ತಿ ಹೊತ್ತು ಕೂತಿದ್ದರು, ಅಷ್ಟೇ. ಮಾತು ಮುಗಿಯಲ್ಲ, ಏಳೋಕೆ ಮನಸ್ಸಾಗಲ್ಲ, ಖಾಲಿ ಗ್ಲಾಸ್ ಇಟ್ಟುಕೊಂಡು ಕೂರೋಕೆ ಸಂಕೋಚ.

ಇತ್ತ ಲಿವರ್‌ಗೆ ನಿಮ್ಮ ಹರಟೆ ಗೊತ್ತಿಲ್ಲ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತೆ. ಅದನ್ನು ಅರಗಿಸೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಟೇಬಲ್ಲು ಇಪ್ಪತ್ತು ನಿಮಿಷಕ್ಕೊಂದು ರಿಪೀಟ್, ಅಂದರೆ ಮತ್ತೊಂದು ರೌಂಡ್, ಹೇಳಿದರೆ ಉಳಿದದ್ದೆಲ್ಲ ತಲೆಗೇ ಹೋಗಬೇಕಲ್ಲ.

ಇನ್ನೊಂದು ವಿಷಯ ಹೇಳಬೇಕು. ಒಂದು ರಾತ್ರಿ ನಾನು ಬಾತ್‌ರೂಮಿನ ಗೋಡೆ ಹಿಡಿದು ನಿಂತಿದ್ದೆ, ಟೈಲ್ಸು ತೇಲುತ್ತಿದ್ದವು. ವಾಪಸ್ ಬಂದು ನಗುನಗುತ್ತಾ ಮತ್ತೆ ಗ್ಲಾಸ್ ಎತ್ತಿದೆ. ಎಷ್ಟೋ ವರ್ಷದ ಮೇಲೆ ಆ ಗುಂಪಿನ ಗೆಳೆಯನೊಬ್ಬ ಸಿಕ್ಕಿ, "ಎರಡಾದ ಮೇಲೆ ನನಗೆ ಯಾವತ್ತೂ ಬೇಕಿರಲಿಲ್ಲ ಕಣೋ. ನೀವೆಲ್ಲ ಕೂತಿದ್ರಲ್ಲ ಅಂತ ಕೂತೆ" ಅಂದ. ನಾನು ಅವನಿಗಾಗಿ ಕೂತಿದ್ದೆ! 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಬಂದ ಅಧ್ಯಯನದಲ್ಲೂ ಇದೇ ಕಂಡಿತ್ತು. ಕುಡಿತದ ಬಗ್ಗೆ ನನಗಿರೋ ಅಳುಕು ಬೇರೆಯವರಿಗೆ ಇಲ್ಲ ಅಂತ ಪ್ರತಿಯೊಬ್ಬನೂ ಅಂದುಕೊಂಡಿದ್ದ.

ಕುಡಿಯಲೇಬೇಡ ಅಂತ ಬರೆದರೆ ನೀನು ಪತ್ರ ಅರ್ಧಕ್ಕೇ ಮಡಚಿಡುತ್ತೀಯ. ಆದರೂ ಎಷ್ಟು ಕುಡಿದರೆ ಕ್ಷೇಮ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ನೆನಪಿಟ್ಟುಕೋ. ಹೋಗೋದಾದರೆ ನಿನ್ನ ಬಿಲ್ ನಿನಗೇ ಬೇರೆ ಮಾಡಿಸು. ಗ್ಲಾಸ್ ಪೂರ್ತಿ ಖಾಲಿ ಆಗೋ ತನಕ ಮತ್ತೆ ಹಾಕಿಸಿಕೊಳ್ಳಬೇಡ, ಟಾಪ್ ಅಪ್ ಮಾಡಿಸಿದರೆ ಲೆಕ್ಕವೇ ಸಿಗಲ್ಲ. ನಡುವೆ ಒಂದು ಸೋಡಾ ಹೇಳು. ನಾಲ್ಕು ದಿನ ಗೇಲಿ ಮಾಡುತ್ತಾರೆ, ಮಾಡಲಿ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡು. ಮೊದಲು ರಿಪೀಟ್ ಅನ್ನೋದು ಯಾರು, ಅವನು ಅಂದಾಗ ಯಾರ ಗ್ಲಾಸಲ್ಲಿ ಇನ್ನೂ ಅರ್ಧ ಉಳಿದಿರುತ್ತೆ, ನೋಡಿ ನನಗೆ ಬರೆ. ಈ ಪತ್ರ ಅತ್ತಿಗೆಗೆ ಮಾತ್ರ ತೋರಿಸಬೇಡ. ಬಾತ್‌ರೂಮಿನ ಕಥೆ ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ.

ನಿನ್ನ ಚಿಕ್ಕಪ್ಪ