ಕಸದ ಬುಟ್ಟಿಯಲ್ಲಿ ಪಿಯಾನೊ

ಶೀನ,

ನಿನ್ನ ರೋಲಿಂಗ್ ಸ್ಟೋನ್ಸ್ ಪ್ಲೇಟಿಂದ ಇಳಿಸಿ ಕಳೆದ ತಿಂಗಳು ನಿನಗೆ ಕಳಿಸಿದ ‘ಸ್ಟೋನ್ಡ್’ ಆಡಿಯೋ ಫೈಲನ್ನ ಅಳಿಸಿಬಿಡು. ಕೇಳಿ "ಕನ್ನಡಿ ಥರ ಇದೆ ಕಣೋ" ಅಂದಿದ್ದೆಯಲ್ಲ. ಹೌದು, ಕನ್ನಡಿ ಥರಾನೇ ಇದೆ. ತೊಂದರೆ ಇರೋದೂ ಅಲ್ಲೇ. ಫೋನಲ್ಲಿ ಹೇಳಿದ್ರೆ ನಗ್ತೀಯ ಅಂತ ಎಲ್ಲರ ಮುಂದೆ ಬರೀತಿದೀನಿ. ನಾಲ್ಕು ಜನ ನೋಡ್ತಾ ಇದ್ರೆ ನೀನು ಸ್ವಲ್ಪ ಮರ್ಯಾದೆಯಿಂದ ಇರ್ತೀಯ. ಹಳದಿ ಛತ್ರಿ ವಿಷಯ ಮಾತ್ರ ಇಲ್ಲಿ ಎತ್ತಬೇಡ, ದಮ್ಮಯ್ಯ.

ನಮ್ಮಿಬ್ಬರ ಮಧ್ಯೆ ಇಣುಕಿ ನೋಡ್ತಿರೋರಿಗೆ ಇಷ್ಟು ಹೇಳಬೇಕು. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಅಂದ್ರೆ ಐದು ಮುಖ ನೆನಪಾಗುತ್ತೆ. ಶುರುವಲ್ಲಿ ಆರಿದ್ವು. ಆರನೆಯದು ಇಯಾನ್ ಸ್ಟೂವರ್ಟ್, ಎಲ್ಲರ ಬಾಯಲ್ಲಿ ಸ್ಟೂ. ಸ್ಕಾಟ್ಲೆಂಡಿನ ಪಿಟನ್‌ವೀಮ್‌ನಲ್ಲಿ 1938ರಲ್ಲಿ ಹುಟ್ಟಿದವನು, ಐಸಿಐ ಅನ್ನೋ ರಾಸಾಯನಿಕ ಕಂಪನಿಯಲ್ಲಿ ಕೆಲಸ, ಎರಡೂ ಕೈಯಲ್ಲಿ ಬೂಗಿ-ವೂಗಿ ಅನ್ನೋ ಕುಣಿಸೋ ಪಿಯಾನೊ ಶೈಲಿ. 1962ರ ಮೇ ತಿಂಗಳಲ್ಲಿ ಬ್ರಿಯಾನ್ ಜೋನ್ಸ್ ‘ಜಾಝ್ ನ್ಯೂಸ್’ನಲ್ಲಿ ಬ್ಲೂಸ್ ತಂಡಕ್ಕೆ ಜನ ಬೇಕು ಅಂತ ಜಾಹೀರಾತು ಕೊಟ್ಟಾಗ ಮೊದಲು ಬಂದವನು ಇವನು. ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಎಲ್ಲಾ ಆಮೇಲೆ ಬಂದ ಬಾಡಿಗೆದಾರರು. ವರ್ಷ ತುಂಬಿತು, 19 ವರ್ಷದ ಹೊಸ ಮ್ಯಾನೇಜರ್ ಆಂಡ್ರೂ ಓಲ್ಡಮ್ ಬಂದ, ಆರು ಮುಖ ಜಾಸ್ತಿ, ಈ ಮುಖ ಪಾಪ್ ತಂಡಕ್ಕೆ ಒಪ್ಪೋದಿಲ್ಲ ಅಂದ. ಸ್ಟೂ ಫೋಟೋದಿಂದ ಹೊರಗೆ. ಆದರೆ ತಂಡ ಬಿಡಲಿಲ್ಲ. ವ್ಯಾನ್ ಓಡಿಸಿದ, ಆಂಪ್ಲಿಫೈಯರ್ ಹೊತ್ತ, ಸ್ಟುಡಿಯೋದಲ್ಲಿ ಪಿಯಾನೊ ನುಡಿಸಿದ, 1985ರ ಡಿಸೆಂಬರ್‌ನಲ್ಲಿ ಸಾಯೋವರೆಗೂ. ಮೈನರ್ ಕಾರ್ಡ್, ಅಂದ್ರೆ ದುಃಖದ ಛಾಯೆಯ ಸ್ವರಗುಚ್ಛ, ಬಂದ್ರೆ ಅವನಿಗೆ ಮೈಲಿಗೆ. ಕೈ ಎತ್ತಿಬಿಡ್ತಿದ್ದ, ದಾಟಿದ ಮೇಲೆ ಮತ್ತೆ ಇಳಿಸ್ತಿದ್ದ.

ಅವನು ತಂಡದ ಒಳಗೇ ಇದ್ದ ಕಾಲದ್ದು ಉಳಿದಿರೋದು ತೀರಾ ಕಡಿಮೆ. 1962ರ ಅಕ್ಟೋಬರ್ 27ರಂದು ಲಂಡನ್ನಿನ ಹೈಬರಿಯಲ್ಲಿ, ಕರ್ಲಿ ಕ್ಲೇಟನ್ ಸ್ಟುಡಿಯೋದಲ್ಲಿ ಮೂರು ಹಾಡು. 1963ರ ಮಾರ್ಚ್ 11ರಂದು ಪೋರ್ಟ್‌ಲಂಡ್ ಪ್ಲೇಸ್‌ನ ಐಬಿಸಿ ಸ್ಟುಡಿಯೋದಲ್ಲಿ, ಎಂಜಿನಿಯರ್ ಗ್ಲಿನ್ ಜಾನ್ಸ್ ಕೂತು ಮಾಡಿದ್ದು ಐದು: ಅಮೆರಿಕದ ಬೋ ಡಿಡ್ಲಿಯದ್ದು, ಜಿಮ್ಮಿ ರೀಡ್‌ನದ್ದು ಹೀಗೆ. ಆಗ ಯಾವ ಕಂಪನಿಯೂ ಕೊಳ್ಳಲಿಲ್ಲ. ಐವತ್ತು ವರ್ಷದ ಹತ್ತಿರ ಐಬಿಸಿಯ ಆ ಐದು ಕಳ್ಳಪ್ರತಿಗಳಲ್ಲೇ ಓಡಾಡಿಕೊಂಡಿದ್ದು, 2012ರಲ್ಲಿ ‘ಗರ್ರ್!’ ಅನ್ನೋ ಸಂಕಲನದ ದೊಡ್ಡ ಪೆಟ್ಟಿಗೆಯೊಳಗೆ ಒಂದು ಪುಟ್ಟ ಸಿಡಿಯಾಗಿ ಅಧಿಕೃತವಾಗಿ ಹೊರಬಂದವು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿದ ಪ್ರತಿ ಯಾರ ಹತ್ರಾನಾದ್ರೂ ಇದ್ರೆ ಮೊದಲು ವೇಗ ನೋಡಬೇಕು. ಸ್ಟುಡಿಯೋ ಪಿಯಾನೊ ಸಾಮಾನ್ಯವಾಗಿ 440 ಹರ್ಟ್ಸ್‌ಗೆ ಶ್ರುತಿಯಾಗಿರುತ್ತೆ. ಹಾಡು ಎರಡು ಸ್ವರಸ್ಥಾನಗಳ ನಟ್ಟನಡುವೆ ಬಿದ್ರೆ ಟೇಪು ಸುಮಾರು ಶೇಕಡಾ 3ರಷ್ಟು ಜೋರಾಗಿಯೋ ನಿಧಾನವಾಗಿಯೋ ಓಡಿದೆ ಅಂತ ಲೆಕ್ಕ. ಗಿಟಾರನ್ನ ನಂಬಬೇಡ, ಅವರು ಒಬ್ಬರ ಜೊತೆ ಒಬ್ಬರು ಶ್ರುತಿ ಮಾಡ್ಕೊಂಡಿರ್ತಾರೆ.

‘ಸ್ಟೋನ್ಡ್’ 1963ರ ನವೆಂಬರ್‌ನದ್ದು, ಡೆಕ್ಕಾ ಕಂಪನಿಯ ಎಫ್ 11764 ನಂಬರಿನ ಪ್ಲೇಟು, ‘ಐ ವಾನ್ನಾ ಬಿ ಯುವರ್ ಮ್ಯಾನ್’ನ ಹಿಂಬದಿ. ಮೊದಲ ಕೆಲವು ಪ್ರತಿಗಳ ಲೇಬಲ್ ಮೇಲೆ ತಪ್ಪಾಗಿ ‘ಸ್ಟೋನ್ಸ್’ ಅಂತ ಅಚ್ಚಾಗಿದೆ. ಅಂಥದ್ದು ಸಿಕ್ಕಿದ್ರೆ ನನಗೆ ಹೇಳದೆ ಮಾರಬೇಡ. ಸ್ಟೂ ಫೋಟೋದಿಂದ ಹೊರಬಿದ್ದು ಆಗಲೇ ಐದಾರು ತಿಂಗಳು. ಹಾಡೇನಲ್ಲ ಅದು, ಮಿಕ್ ಅಲ್ಲಲ್ಲಿ ಗೊಣಗ್ತಾನೆ ಅಷ್ಟೆ. ಉಳಿದ ಜಾಗದಲ್ಲೆಲ್ಲ ಪಿಯಾನೊ ಓಡಾಡುತ್ತೆ.

ಈಗ ನನ್ನ ಘನಕಾರ್ಯಕ್ಕೆ ಬರ್ತೀನಿ. ಮೊದಲರ್ಧ ಸರಿಯಾಗೇ ಮಾಡಿದ್ದೆ. ಡಿಸ್ಟಿಲ್ಡ್ ವಾಟರ್‌ಗೆ ಬಣ್ಣ-ವಾಸನೆ ಎರಡೂ ಇಲ್ಲದ ಸೋಪು ಎರಡು ಹನಿ, ಮೆತ್ತನೆ ಬ್ರಷ್ಷು, ಗೆರೆ ಹೋದ ದಿಕ್ಕಿಗೇ ಉಜ್ಜೋದು, ಬರೀ ನೀರಲ್ಲಿ ಮತ್ತೊಂದು ಸಲ ತೊಳೆದು ನಿಲ್ಲಿಸಿ ಒಣಗಿಸೋದು. (ವಿನೈಲ್‌ಗೆ ಇದು ಸರಿ. ಹೈಬರಿಯಲ್ಲಿ ಕೆತ್ತಿದಂಥ ಲ್ಯಾಕರ್ ಲೇಪನದ ಪ್ಲೇಟಿಗೆ ಸ್ಪಿರಿಟ್ ಸೋಕಿಸಿದ್ರೆ ಮೇಲ್ಪದರವೇ ಕರಗುತ್ತೆ, ನೆನಪಿರಲಿ.) ಮುಳ್ಳು 25 ಮೈಕ್ರಾನ್‌ನ ಗುಂಡು ತುದಿಯದ್ದು. ಹಳೇ ಭಾರದ ಮುಳ್ಳುಗಳು ಗೆರೆಯನ್ನ ಒಂದು ಆಳದಲ್ಲಿ ಸವೆಸಿರ್ತಾವೆ, ಅಗಲ ತುದಿ ಆ ಗಾಯದ ಮೇಲ್ಗಡೆ ಕೂತು ಓಡುತ್ತೆ. ಭಾರ ಕಮ್ಮಿ ಇಟ್ರೆ ಪ್ಲೇಟು ಉಳಿಯುತ್ತೆ ಅನ್ನೋದು ನಿನ್ನ ಭ್ರಮೆ. ಹಗುರಾದ ಮುಳ್ಳು ಕುಣಿದು ಗೋಡೆ ಕೀಳುತ್ತೆ. ಕಂಪನಿ ಹೇಳಿದ ಮಿತಿಯ ಮೇಲ್ತುದಿಗೇ ಇಡು.

ಆಮೇಲೆ ತೂತು. ನಡುವಿನ ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕಿದ್ರೂ, ಒಳಗಿನ ಗೆರೆಗಳಲ್ಲಿ, ಅಂದ್ರೆ ಕೇಂದ್ರದಿಂದ 60 ಮಿಲಿಮೀಟರ್ ದೂರದಲ್ಲಿ, ಶ್ರುತಿ ಶೇಕಡಾ 0.8ರಷ್ಟು ಮೇಲೆ ಕೆಳಗೆ ತೂಗುತ್ತೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರೋ ದೂರದ ಏಳನೇ ಒಂದು ಭಾಗ. 45ರ ವೇಗದಲ್ಲಿ 1.33 ಸೆಕೆಂಡಿಗೊಂದು ಸಲ. ಹಾಡೋರ ದನಿಯಲ್ಲಿ ಇದು ಮುಚ್ಚಿಹೋಗುತ್ತೆ, ಪಿಯಾನೊದಲ್ಲಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಪಿಯಾನೊಗೆ ಗಮಕ ಇಲ್ವಲ್ಲ. ಅದರ ಸ್ವರ ಅಲ್ಲಾಡಿದ್ರೆ ತಪ್ಪು ಪ್ಲೇಟಿನದ್ದೇ. ಮುಳ್ಳಿನ ತೋಳನ್ನ ಪಕ್ಕದಿಂದ ನೋಡ್ತಾ, ಅದು ತೂಗೋದು ನಿಲ್ಲೋವರೆಗೂ ಪ್ಲೇಟನ್ನ ಬೆರಳಲ್ಲಿ ಕೂದಲೆಳೆಯಷ್ಟು ಜರುಗಿಸಬೇಕು. ತಾಳ್ಮೆ ಕೆಲಸ, ನಿನ್ನಿಂದ ಆಗಲ್ಲ.

24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 96,000 ಸ್ಯಾಂಪಲ್ ಲೆಕ್ಕದಲ್ಲಿ, ಕಂಪ್ಯೂಟರ್‌ಗೆ ಇಳಿಸಿದೆ. ಮೂಲ ಮೋನೋ ಆದ್ದರಿಂದ ಎಡ ಬಲ ಎರಡನ್ನೂ ಕೂಡಿಸಬೇಕು. ಕೂಡಿಸೋಕೆ ಮುಂಚೆ ಎರಡೂ ಒಂದೇ ಕ್ಷಣಕ್ಕೆ ಬೀಳ್ತಾವಾ ನೋಡು. ಐದು ಸ್ಯಾಂಪಲ್ ವ್ಯತ್ಯಾಸ ಬಂದ್ರೂ 9,600 ಹರ್ಟ್ಸ್ ಸುತ್ತಮುತ್ತ ಪೂರಾ ಅಳಿಸಿಹೋಗುತ್ತೆ, ಪಿಯಾನೊ ಒಳಗಿನ ಸುತ್ತಿಗೆ ತಂತಿಗೆ ತಾಗೋ ಟಣ್ ಮಂಕಾಗುತ್ತೆ.

ಇಲ್ಲಿವರೆಗೂ ಚೊಕ್ಕ. ಆಮೇಲೆ ಚಟಪಟ ತೆಗೆಯೋ ಸಾಫ್ಟ್‌ವೇರ್ ಹಾಕಿ ಗುಂಡಿ ಪೂರ್ತಿ ತಿರುಗಿಸಿದೆ. ಚಟಪಟ ಹೋಯ್ತು, ನೀನು ಕನ್ನಡಿ ಅಂದೆ, ನಾನು ಬೀಗಿದೆ.

ಮೊನ್ನೆ ರಾತ್ರಿ ಸುಮ್ನೆ ಶುದ್ಧ ಮಾಡಿದ ಫೈಲನ್ನ ತಲೆಕೆಳಗು ಮಾಡಿ ಮೂಲದ ಜೊತೆ ಕೂಡಿಸಿದೆ. ಹಾಗೆ ಮಾಡಿದ್ರೆ ಎರಡರಲ್ಲೂ ಇರೋದು ಹೊಡೆದುಹೋಗಿ ನಾವು ಎಸೆದ ಕಸ ಮಾತ್ರ ಉಳಿಯುತ್ತೆ. ಉಳಿಯಬೇಕಾದ್ದು ಗೊತ್ತುಗುರಿಯಿಲ್ಲದ ಚಟ್, ಪಟ್. ನನಗೆ ಕೇಳಿಸಿದ್ದು ತಾಳ. ಟಕ್ಕ ಟಕ್ಕ ಟಕ್ಕ, ನಡುವೆ ಒಂದು ಬಿಡುವು, ಮತ್ತೆ ಎರಡು ಟಕ್ಕ. ಗಿಟಾರ್ ಇಲ್ಲ, ಡ್ರಮ್ಮಿನ ಅಂಚು ಒಂಚೂರು. ಮಿಕ್ಕಿದ್ದೆಲ್ಲ ಸ್ಟೂನ ಬಲಗೈ, ಸ್ವರ ಕಳೆದುಕೊಂಡ ಬರೀ ಏಟು. ಸಾಫ್ಟ್‌ವೇರ್‌ನ ತಪ್ಪೂ ಅಲ್ಲ: ಮುಂದೇನು ಬರುತ್ತೆ ಅಂತ ಊಹಿಸಿ, ಊಹೆ ಮೀರಿ ಏನು ಎಗರಿದ್ರೂ ಗೀರು ಅಂತ ಹಿಡಿಯೋದು ಅದರ ಕೆಲಸ. ಮೇಲ್ಸ್ವರಗಳ ಮೇಲೆ ಬೀಳೋ ಸುತ್ತಿಗೆಯ ಏಟೂ ಹಾಗೇ ಎಗರುತ್ತೆ. ಸುತ್ತಿಗೆ ಯಾವುದು, ಗೀರು ಯಾವುದು ಅಂತ ಹೇಳಬೇಕಾಗಿದ್ದು ನನ್ನ ಕಿವಿ.

ಹೇಳಿಯೇಬಿಡ್ತೀನಿ ಕಣೋ. ಆ ಕನ್ನಡಿ ಫೈಲು ನನಗೂ ಇಷ್ಟವಾಗಿತ್ತು, ಪಿಯಾನೊ ತೆಳ್ಳಗಾಗಿ ಗಿಟಾರ್ ಮುಂದೆ ಬಂದಿದೆ ಅನ್ನೋದು ಗೊತ್ತಿದ್ದೂ. ವರ್ಷಗಟ್ಟಲೆ ಸ್ಟೂ ಸ್ಟೂ ಅಂತ ನಿನ್ನ ತಲೆ ತಿಂದಿದೀನಿ, ಓಲ್ಡಮ್‌ನನ್ನ ಬೈದಿದೀನಿ. ಆದರೆ ನನಗೆ ಇಷ್ಟವಾಗಿದ್ದು ಸ್ಟೂಗೆ ಆದ ಅನ್ಯಾಯ ಅಂತ ಕಾಣುತ್ತೆ. ಅವನ ಕೈ ಏನು ಮಾಡ್ತಿತ್ತು ಅಂತ ಕೂತು ಕೇಳಿದ್ದು ಆ ಕಸದ ಫೈಲಲ್ಲೇ ಮೊದಲು. ಓಲ್ಡಮ್‌ಗಾದ್ರೂ ಹತ್ತೊಂಬತ್ತು ವಯಸ್ಸು. ನನ್ನ ವಯಸ್ಸು ಇಲ್ಲಿ ಬರೆಯಲ್ಲ, ನಿನಗೆ ಗೊತ್ತಿದೆ.

ಸರಿ ಬಿಡು, ಜಾಸ್ತಿಯಾಯ್ತು. ನನ್ನನ್ನ ಯಾರೂ ಫೋಟೋದಿಂದ ತೆಗೆದಿಲ್ಲ, ಯಾಕೆಂದ್ರೆ ಯಾರೂ ಫೋಟೋಗೆ ಕರೆದೇ ಇಲ್ಲ.

ಹೊಸ ಫೈಲು ಇದರ ಜೊತೆಗಿದೆ. ಈ ಸಲ ದೊಡ್ಡ ಗೀರುಗಳನ್ನ ಮಾತ್ರ ಒಂದೊಂದಾಗಿ ಕೈಯಲ್ಲೇ ತೆಗೆದಿದೀನಿ, ಎರಡು ನಿಮಿಷದ ತುಣುಕಿಗೆ ಒಂದು ಸಂಜೆ ಹೋಯ್ತು. ಸೊಯ್ ಅನ್ನೋ ಸದ್ದನ್ನ 4 ಡೆಸಿಬಲ್ ಇಳಿಸಿದ್ದು ಅಷ್ಟೆ. ಇನ್ನೂ ಇಳಿಸಿದ್ರೆ ಸ್ವರದ ಬಾಲ ನೀರಲ್ಲಿ ಮುಳುಗಿದ ಹಾಗೆ ಗುಳುಗುಳು ಅನ್ನುತ್ತೆ. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಗುಟ್ಟುತ್ತೆ, ಸಹಿಸಿಕೋ. 2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಪಿಯಾನೊ ಮುಂದೆ ಇದ್ದವನು ಚಕ್ ಲೆವೆಲ್, ಸ್ಟೂ ಬದುಕಿದ್ದಾಗಲೇ ತಂಡದ ಜೊತೆ ಕೂತವನು. ಆ ದಿನದ್ದು ಯಾರಾದ್ರೂ ಮೊಬೈಲಿನಲ್ಲೋ ವಾಕ್‌ಮನ್‌ನಲ್ಲೋ ಹಿಡಿದಿದ್ರೆ ಹಾಗೇ ಕಳಿಸಿ, ದಯವಿಟ್ಟು ಶುದ್ಧ ಮಾಡಬೇಡಿ.

ನಿನ್ನ ಪ್ಲೇಟು ಭಾನುವಾರ ವಾಪಸ್ ತಂದುಕೊಡ್ತೀನಿ. ಛತ್ರಿ ಮಾತ್ರ ಕೇಳಬೇಡ.

ನಿನ್ನ
ಆರನೆಯವ