ರೈಟರಿಗೂ ರಾತ್ರಿ ಬೇಕು

ಮಾನ್ಯ ಸಂಪಾದಕರೇ,

ಕೆಲಸದ ಒತ್ತಡ ಮತ್ತು ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಬೆಂಗಳೂರಿನ ಐಟಿ ಕಂಪನಿಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಕಾಫಿ ತೋಟಗಳಲ್ಲಿ ಇಪ್ಪತ್ತಾರು ವರ್ಷ ರೈಟರ್ ಆಗಿ, ಅಂದರೆ ಆಳುಗಳ ಹಾಜರಿ ಮತ್ತು ತೋಟದ ಲೆಕ್ಕ ನೋಡಿಕೊಳ್ಳುವವನಾಗಿ ದುಡಿದು ನಿವೃತ್ತನಾಗಿರುವ ನನಗೆ, ಈ ಚರ್ಚೆ ಕುಶಾಲನಗರ ದಾಟಿ ಇತ್ತ ಕೊಡಗಿನೊಳಕ್ಕೂ ಬರಬೇಕಿದೆ ಎನ್ನಿಸುತ್ತದೆ.

ತೋಟದ ರೈಟರ್ ಎಂದರೆ ಮಾಲೀಕರ ಸಿಟ್ಟನ್ನೂ ಆಳುಗಳ ಅಳಲನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕಾದವನು. ಜನವರಿಯಿಂದ ಮಾರ್ಚ್‌ವರೆಗಿನ ರೊಬಸ್ಟಾ ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹಾಜರಿ ಹಾಕುವ ಮೊದಲೇ ರಾತ್ರಿ ಕಾಡಾನೆ ಯಾವ ಬದಿಗೆ ಹೋಯಿತೆಂದು ವಿಚಾರಿಸಿಕೊಂಡು, ಯಾರನ್ನು ಎಲ್ಲಿಗೆ ಕಳಿಸಿದರೆ ಸುರಕ್ಷಿತ ಎಂದು ಅವನೇ ತೀರ್ಮಾನಿಸಬೇಕು. ಸಂಜೆ ಹಣ್ಣು ತೂಕ ಮಾಡಿಸಿ, ಕಣದಲ್ಲಿ ಒಣಗಲು ಹರಡಿದ ಕಾಫಿಗೆ ಟಾರ್ಪಾಲ್ ಹೊದಿಸಿ, ಲೆಕ್ಕ ಬರೆದು ಮುಗಿಸುವ ಹೊತ್ತಿಗೆ ಕತ್ತಲಾಗಿರುತ್ತದೆ. ಮನೆಯೂ ತೋಟದೊಳಗೇ ಇರುವುದರಿಂದ ಕೆಲಸ ಬಿಟ್ಟು ಹೋಗಲು ಬೇರೊಂದು ಜಾಗ ಅವನಿಗಿಲ್ಲ. ಹಿಂದೆ ತೋಟಕ್ಕೆ ಫೋನಿನ ಸಿಗ್ನಲ್ ಬಾರದಿದ್ದುದೇ ಒಂದು ಪುಣ್ಯವಾಗಿತ್ತು. ಈಗ ಮೋಡ ಕಂಡರೆ ಸಾಕು, ದೂರದ ಊರಲ್ಲಿರುವ ಮಾಲೀಕರಿಗೆ ರಾತ್ರಿ ಹತ್ತು ಗಂಟೆಗೂ ವಾಟ್ಸಾಪ್‌ನಲ್ಲಿ ಕಣದ ಫೋಟೊ ಹೋಗಬೇಕು.

ಒಂದು ಕುಯ್ಲಿನಲ್ಲಿ ನನಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆಳುಗಳ ಹಾಜರಿ, ಕೂಲಿ ಬರೆಯುವ ಚೆಕ್‌ರೋಲಿನ ಅಂಕಿಗಳೇ ಕಾಣುತ್ತಿದ್ದವು. ಎದೆ ಹಿಡಿದುಕೊಂಡಂತಾದಾಗ ಗ್ಯಾಸ್ಟ್ರಿಕ್ ಇರಬೇಕೆಂದು ಮೂರು ತಿಂಗಳು ಮಾತ್ರೆ ನುಂಗಿದೆ. ಕೊನೆಗೆ ಮಡಿಕೇರಿಯ ವೈದ್ಯರೊಬ್ಬರು ಹೊಟ್ಟೆಯ ವಿಷಯ ಬಿಟ್ಟು ನಿದ್ದೆಯ ವಿಷಯ ಕೇಳಿದರು. ತಲೆ ಸರಿಯಿಲ್ಲ ಅನ್ನುತ್ತಾರೆಂಬ ಭಯಕ್ಕೆ ಅವರು ಬರೆದುಕೊಟ್ಟ ಚೀಟಿಯನ್ನು ಮನೆಯವರಿಗೂ ತೋರಿಸಿರಲಿಲ್ಲ.

ಈಚೆಗೆ ಕೆಲವು ಕಡೆ ಸಿಬ್ಬಂದಿಗೆ ಒಂದು ದಿನದ ಯೋಗ ಶಿಬಿರ ನಡೆಸುತ್ತಾರೆ. ಯೋಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಳಿಗ್ಗೆ ಉಸಿರಾಟ ಕಲಿಸಿ ರಾತ್ರಿ ಮತ್ತೆ ಫೋಟೊ ಕೇಳಿದರೆ, ಒತ್ತಡ ಹುಟ್ಟಿಸಿದವರು ಅದನ್ನು ತಾಳಿಕೊಳ್ಳುವ ಹೊಣೆಯನ್ನೂ ನೌಕರನ ತಲೆಗೇ ಕಟ್ಟಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ನೌಕರರಿಗೆ ತರಬೇತಿ ಕೊಡುವುದರ ಜೊತೆಗೆ, ಕೆಲಸದ ಹೊರೆ ಮತ್ತು ವೇಳೆಯಂಥ ಕಾರಣಗಳನ್ನೇ ಸರಿಪಡಿಸಬೇಕು, ಮೇಲ್ವಿಚಾರಕರಿಗೂ ತರಬೇತಿ ಕೊಡಬೇಕು ಎನ್ನುತ್ತದೆ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂಬ ಅಂದಾಜೂ ಅದೇ ಸಂಸ್ಥೆಯದು. ಲಾಭ ನಷ್ಟದ ಲೆಕ್ಕ ಬಲ್ಲ ಮಾಲೀಕರಿಗೆ ಈ ಅಂಕಿ ಅರ್ಥವಾಗಬೇಕು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಒಂದೇ ಗೋಡೆಯ ಆಚೀಚೆ ಎರಡು ಸಂಸಾರವಿರುವ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ ಕುಳಿತು, ಪಕ್ಕದವರಿಗೆ ಕೇಳಿಸದಂತೆ ಮನಸ್ಸಿನ ಸಂಕಟ ಹೇಳಿಕೊಳ್ಳುವುದು ಹೇಗೆ? ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಗೊತ್ತುಮಾಡಿದ ದಿನ ಮಂಗಳವಾರ. ನಮ್ಮಲ್ಲಿ ರಜೆ ಇರುವುದು ಭಾನುವಾರ. ಮಂಗಳವಾರ ಆಸ್ಪತ್ರೆಗೆ ಹೋದ ಆಳಿಗೆ ಆ ದಿನದ ಕೂಲಿ ಇಲ್ಲ, ಕುಯ್ಲಿನಲ್ಲಾದರೆ ಕಿಲೋ ಲೆಕ್ಕದ ಹೆಚ್ಚಿನ ದುಡ್ಡೂ ಇಲ್ಲ. ಹೋಂಸ್ಟೇ ಮತ್ತು ರೆಸಾರ್ಟುಗಳ ಹುಡುಗರಿಗಂತೂ ಎಲ್ಲರ ರಜೆಯ ದಿನವೇ ಕೆಲಸ ಹೆಚ್ಚು.

ಆದ್ದರಿಂದ ಬೆಳೆಗಾರರ ಸಂಘಟನೆಗಳಲ್ಲಿ ಮತ್ತು ಹೋಂಸ್ಟೇ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟು: ಆನೆ ಬಂದಂಥ, ಬೆಂಕಿ ಬಿದ್ದಂಥ ತುರ್ತು ಇಲ್ಲದಿದ್ದರೆ ರಾತ್ರಿ ಎಂಟರ ಮೇಲೆ ನೌಕರರಿಗೆ ಫೋನ್ ಮಾಡಬೇಡಿ, ಮನೋವೈದ್ಯರನ್ನು ಕಾಣಲು ಹೋದ ದಿನದ ಕೂಲಿ ಕಡಿಯಬೇಡಿ, ಯಾಕೆ ಹೋದೆ ಎಂದು ಎಲ್ಲರೆದುರು ಕೇಳಲೂ ಬೇಡಿ. ಆರೋಗ್ಯ ಇಲಾಖೆಯು ಕುಯ್ಲು ಮುಗಿಯುವವರೆಗಾದರೂ ಸಿದ್ದಾಪುರ, ಅಮ್ಮತ್ತಿ, ಸುಂಟಿಕೊಪ್ಪದಂಥ ಕಡೆಗಳಿಗೆ ತಿಂಗಳಲ್ಲಿ ಒಂದು ಭಾನುವಾರ ಮನೋವೈದ್ಯರನ್ನು ಕಳಿಸಿದರೆ, ಸಂತೆಗೆಂದು ಬಂದವರು ಯಾರ ಕಣ್ಣಿಗೂ ಬೀಳದೆ ತೋರಿಸಿಕೊಂಡು ಹೋಗಬಹುದು.

ಇಂತಿ,
ನಿವೃತ್ತ ರೈಟರ್, ಸಿದ್ದಾಪುರ, ಕೊಡಗು